ಕಿಟಕಿ ಬೆಳಕಿನ ಕಾಸ್ಪ್ಲೇ: ಫಿಲ್ಮ್ ಬಣ್ಣದ ಒಳಾಂಗಣ ಭಾವಚಿತ್ರ ಬೆಳೆದುಬಂದ ಬಗೆ

ವೇಷ ತೊಟ್ಟವರನ್ನು ಮನೆಯೊಳಗೇ ನಿಲ್ಲಿಸಿ, ಕಿಟಕಿಯ ಬೆಳಕೊಂದನ್ನೇ ನಂಬಿ ಚಿತ್ರ ತೆಗೆಯುವ ಪದ್ಧತಿ ಕಾಸ್ಪ್ಲೇಗಿಂತ, ಅಂದರೆ ಕಥೆ, ಕಾಮಿಕ್ಸ್‌ಗಳ ಪಾತ್ರಗಳ ವೇಷ ತೊಡುವ ಹವ್ಯಾಸಕ್ಕಿಂತ, ಬಹಳ ಹಳೆಯದು. 1860ರ ದಶಕದ ಮೊದಲ ವರ್ಷಗಳಲ್ಲಿ ಲೇಡಿ ಕ್ಲೆಮೆಂಟಿನಾ ಹಾವರ್ಡನ್ ಲಂಡನ್ನಿನ ತಮ್ಮ ಮನೆಯ ಮೇಲಂತಸ್ತಿನ ಕೋಣೆಗಳನ್ನೇ ಸ್ಟುಡಿಯೊ ಮಾಡಿಕೊಂಡರು. ಹೆಣ್ಣುಮಕ್ಕಳಿಗೆ ಬಗೆಬಗೆಯ ಉಡುಪು ತೊಡಿಸಿ, ಎತ್ತರದ ಕಿಟಕಿಗಳ ಪಕ್ಕದಲ್ಲಿ, ಕೆಲವೊಮ್ಮೆ ನಿಲುವುಗನ್ನಡಿಯ ಮುಂದೆ ನಿಲ್ಲಿಸಿ ತೆಗೆದ ಆ ಚಿತ್ರಗಳಲ್ಲಿ ಹೆಚ್ಚಿನವು ಈಗ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಕಲ್ಕತ್ತದಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಗಾಜು ಹಾಕಿದ ಕೋಳಿಮನೆಯೊಂದನ್ನು ಸ್ಟುಡಿಯೊ ಮಾಡಿಕೊಂಡವರು. 1874ರಲ್ಲಿ ಅವರು ಬಂಧುಗಳಿಗೂ ಪರಿಚಯದವರಿಗೂ ಆರ್ಥರ್ ರಾಜನ ಕಥೆಗಳ ಪಾತ್ರಗಳ ವೇಷ ಹಾಕಿಸಿದರು. ಮುಖದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು ಎಂಬ ಕ್ರಮ ಇವರಿಬ್ಬರ ಕೈಯಲ್ಲಿ ಆಗಲೇ ಹದಕ್ಕೆ ಬಂದಿತ್ತು.

ಕಾಸ್ಪ್ಲೇ ಬೆಳೆದದ್ದು ಮಾತ್ರ ಮನೆಯೊಳಗಲ್ಲ, ಜನಜಂಗುಳಿಯಲ್ಲಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಾದಂಬರಿ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯಕಾಲದ ಉಡುಪು ತೊಟ್ಟು ಬಂದರು. 1975ರಲ್ಲಿ ಟೋಕಿಯೊದಲ್ಲಿ ಅಭಿಮಾನಿಗಳ ಕಾಮಿಕ್ಸ್ ಮೇಳವಾದ ಕಾಮಿಕೆಟ್ ಶುರುವಾಯಿತು. ‘ಕಾಸ್ಪ್ಲೇ’ ಎಂಬ ಹೆಸರು ಜಪಾನಿನ ಪತ್ರಿಕೆಯಲ್ಲಿ ಅಚ್ಚಾದದ್ದು 1983ರಲ್ಲಿ. ಮೇಳದ ಸಭಾಂಗಣದಲ್ಲಿ ಚಿತ್ರ ತೆಗೆಯುವವರಿಗೆ ಕ್ಯಾಮೆರಾದ ಫ್ಲಾಶ್ ಬಿಟ್ಟರೆ ಬೇರೆ ದಾರಿ ಕಡಿಮೆ. ಎದುರಿನಿಂದ ಬಡಿಯುವ ಆ ಬೆಳಕಿನಲ್ಲಿ ಕೃತಕ ನಾರಿನ ವಿಗ್ ಪ್ಲಾಸ್ಟಿಕ್ಕಿನಂತೆ ಮಿಂಚುತ್ತದೆ, ಸ್ಯಾಟಿನ್ ಬಟ್ಟೆಯ ಮಡಿಕೆಗಳು ಬಿಳಿಚಿಕೊಳ್ಳುತ್ತವೆ, ಬೆನ್ನ ಹಿಂದೆ ನೆರಳು ಕತ್ತರಿಸಿ ಅಂಟಿಸಿದಂತೆ ಬೀಳುತ್ತದೆ. ತಿಂಗಳುಗಟ್ಟಲೆ ಕೂತು ಹೊಲಿದ ಉಡುಪಿಗೆ ಇದರಿಂದ ನ್ಯಾಯ ಸಿಗುವುದಿಲ್ಲ.

ಬೇರೆ ದಾರಿ ತೆರೆದದ್ದು ಜಪಾನಿನ ಛಾಯಾಗ್ರಹಣ. 1990ರ ದಶಕದಲ್ಲಿ ಹಿರೋಮಿಕ್ಸ್, ನಾಗಾಶಿಮಾ ಯೂರಿಯೆ ಮೊದಲಾದ ಯುವತಿಯರು ತಮ್ಮ ಕೋಣೆ, ಗೆಳತಿಯರು, ದಿನನಿತ್ಯದ ಬದುಕನ್ನೇ ವಸ್ತು ಮಾಡಿಕೊಂಡರು. 2001ರಲ್ಲಿ ಒಟ್ಟಿಗೆ ಮೂರು ಪುಸ್ತಕ ತಂದ ಕವಾಉಚಿ ರಿಂಕೊ ತಿಳಿ ಬಣ್ಣ, ತುಂಬು ಬೆಳಕಿನ ನೋಟವನ್ನು ಜನಪ್ರಿಯಗೊಳಿಸಿದರು. ಹಮಾದಾ ಹಿದೆಯಾಕಿ ತಮ್ಮ ಇಬ್ಬರು ಗಂಡುಮಕ್ಕಳನ್ನು ಫಿಲ್ಮ್‌ನಲ್ಲಿ ತೆಗೆದ ‘ಹಾರು ಮತ್ತು ಮಿನಾ’ ಮಾಲೆ 2010ರ ದಶಕದಲ್ಲಿ ಇದನ್ನು ಇನ್ನೂ ದೂರ ಒಯ್ದಿತು.

ಈ ನೋಟದ ಬೇರು ಇರುವುದು ಕಲರ್ ನೆಗೆಟಿವ್ ಫಿಲ್ಮ್‌ನ ಸ್ವಭಾವದಲ್ಲಿ. ನೆಗೆಟಿವ್‌ಗೆ ಬೆಳಕು ಒಂದೆರಡು ಸ್ಟಾಪ್ (ಬೆಳಕಿನ ಅಳತೆಯ ಹಂತ) ಹೆಚ್ಚಾದರೂ ಅದು ತಾಳಿಕೊಳ್ಳುತ್ತದೆ. ಬಿಳಿಯ ಭಾಗಗಳು ಥಟ್ಟನೆ ಸುಟ್ಟುಹೋಗದೆ ಮೆಲ್ಲಗೆ ಕರಗುತ್ತವೆ; ನೆರಳಿಗೂ ಸಾಕಷ್ಟು ಬೆಳಕು ಸಿಕ್ಕಿ ಅಲ್ಲಿನ ಬಣ್ಣ ಶುದ್ಧವಾಗಿ ನಿಲ್ಲುತ್ತದೆ. 1998ರಲ್ಲಿ ಬಂದ ಕೊಡಾಕ್ ಪೋರ್ಟ್ರಾ ಚರ್ಮದ ಬಣ್ಣಕ್ಕೆಂದೇ ಹದಗೊಂಡ ಫಿಲ್ಮ್. ಫ್ಯೂಜಿ ಪ್ರೊ 400ಎಚ್ ತಂಪಾದ ಹಸಿರು-ನೀಲಿ ಛಾಯೆಗೆ ಹೆಸರಾಗಿತ್ತು. ಅದರ ತಯಾರಿಕೆ ನಿಲ್ಲುತ್ತದೆಂಬ ಪ್ರಕಟಣೆ ಬಂದದ್ದು 2021ರಲ್ಲಿ.

ಅಷ್ಟರಲ್ಲಿ ಆ ಬಣ್ಣಗಳು ಡಿಜಿಟಲ್‌ಗೆ ಇಳಿದಾಗಿತ್ತು. ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮ್ 2007ರಲ್ಲಿ ಬಂತು. 2010ರ ದಶಕದ ಆರಂಭದಲ್ಲಿ ವಿಎಸ್‌ಸಿಒ ಫಿಲ್ಮ್ ಪ್ರೀಸೆಟ್‌ಗಳು, ಅಂದರೆ ಸಿದ್ಧ ಬಣ್ಣಹೊಂದಿಕೆಗಳು, ಮನೆಮಾತಾದವು. ಫ್ಯೂಜಿಫಿಲ್ಮ್ 2014ರಲ್ಲಿ ಕ್ಲಾಸಿಕ್ ಕ್ರೋಮ್, 2019ರಲ್ಲಿ ಕ್ಲಾಸಿಕ್ ನೆಗೆಟಿವ್ ಎಂಬ ಬಣ್ಣವಿನ್ಯಾಸಗಳನ್ನು ಕ್ಯಾಮೆರಾದೊಳಗೇ ಇಟ್ಟಿತು. ಆದರೆ ಡಿಜಿಟಲ್ ಸೆನ್ಸರ್ ನಡೆಯುವುದು ಫಿಲ್ಮ್‌ಗೆ ತದ್ವಿರುದ್ಧವಾಗಿ. ಸುಟ್ಟ ಬಿಳಿ ಅದರಲ್ಲಿ ಮರಳಿ ಸಿಗದು. ತಿಳಿ ಗುಲಾಬಿ ವಿಗ್‌ನಲ್ಲಿ ಕೆಂಪಿನ ಭಾಗ ಎಲ್ಲಕ್ಕಿಂತ ಮೊದಲು ತುಂಬಿ ಎಳೆಗಳು ಅಳಿಸಿಹೋಗುತ್ತವೆ. ಆದ್ದರಿಂದ ಬಿಳಿಯನ್ನು ಉಳಿಸಿಕೊಂಡು ಚಿತ್ರ ತೆಗೆದು, ಮುಖದ ಬೆಳಕನ್ನು ಆಮೇಲೆ ಏರಿಸಿ, ಕಪ್ಪನ್ನು ತುಸು ಮಸುಕುಗೊಳಿಸಿ, ನೆರಳಿಗೆ ನಸು ಹಸಿರು ಬೆರೆಸುವ ಕ್ರಮ ರೂಢಿಗೆ ಬಂತು.

ಇದೇ ಕಾಲದಲ್ಲಿ ಜಪಾನಿನ ಅನಿಮೇಷನ್ ಆದ ಅನಿಮೆಯೂ ಮನೆ-ಶಾಲೆಗಳತ್ತ ಹೊರಳಿತ್ತು. 2009ರ ‘ಕೆ-ಆನ್!’ ಸರಣಿಯ ಹುಡುಗಿಯರು ಹೆಚ್ಚಿನ ಹೊತ್ತು ಶಾಲೆಯ ಸಂಗೀತ ಕೋಣೆಯಲ್ಲಿ ಚಹಾ ಕುಡಿಯುತ್ತಾರೆ. ಇಂಥ ಪಾತ್ರಕ್ಕೆ ರಣರಂಗದ ಹಿನ್ನೆಲೆ ಬೇಡ. ಮೇಜು, ಪರದೆ, ಮಧ್ಯಾಹ್ನದ ಬೆಳಕು ಸಾಕು. 2020ರ ಕೊರೊನಾ ಕಾಲದಲ್ಲಿ ಕಾಮಿಕೆಟ್ ಸಹ ರದ್ದಾದಾಗ ವೇಷಧಾರಿಗಳಿಗೆ ಸ್ವಂತ ಕೋಣೆಯೇ ಸ್ಟುಡಿಯೊ ಆಯಿತು.

ಕೋಣೆಯಲ್ಲಿ ಮೊದಲು ಮಾಡಬೇಕಾದದ್ದು ಟ್ಯೂಬ್‌ಲೈಟ್ ಆರಿಸುವುದು. ಎರಡು ಬಣ್ಣದ ಬೆಳಕು ಬೆರೆತರೆ ಯಾವ ಪ್ರೀಸೆಟ್ಟೂ ಸರಿಮಾಡಲಾರದು. ಕಿಟಕಿಗೆ ಒಂದೆರಡು ಅಡಿ ಹತ್ತಿರವಿದ್ದರೆ ಮುಖ ಬೆಳಗಿ ಹಿಂದಿನ ಕೋಣೆ ಕತ್ತಲಾಗುತ್ತದೆ. ಆರೇಳು ಅಡಿ ಹಿಂದೆ ಸರಿದರೆ ಬೆಳಕು ತಗ್ಗುತ್ತದೆ, ಆದರೆ ಕೋಣೆಯೂ ಚಿತ್ರದೊಳಗೆ ಬರುತ್ತದೆ. ನೆರಳಿನ ಬದಿಗೆ ಹಿಡಿದ ಥರ್ಮೋಕೋಲ್ ಹಲಗೆ ಕೆನ್ನೆಗೂ ವಿಗ್‌ಗೂ ಮೆತ್ತನೆಯ ಬೆಳಕು ಮರಳಿಸುತ್ತದೆ. ಹಸಿರು ಗೋಡೆಯ ಪಕ್ಕ ನಿಂತರೆ ಕೆನ್ನೆಯೂ ಹಸಿರಾಗುತ್ತದೆ.

ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳದು ಎಂಬ ಯುರೋಪಿನ ಪಠ್ಯಪುಸ್ತಕಗಳ ಮಾತು ಕರ್ನಾಟಕದಲ್ಲಿ ವರ್ಷವಿಡೀ ಸಲ್ಲುವುದಿಲ್ಲ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬೀಳುತ್ತದೆ. ಮೋಡ ಕವಿಯದ ದಿನ ಅಲ್ಲೊಂದು ತೆಳು ಬಿಳಿ ಪಂಚೆ ಕಟ್ಟಿದರೆ ಸಾಕು.

ಈ ಶೈಲಿಯ ದೊಡ್ಡ ಕೊರತೆ ಇನ್ನೂ ನೀಗಿಲ್ಲ. ಕೊಡಾಕ್ ಕಂಪನಿ ಫೋಟೊ ಮುದ್ರಿಸುವ ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ ಎಂಬ ಬಣ್ಣದ ಮಾದರಿಯಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಕಪ್ಪು, ಕಂದು ಮೈಬಣ್ಣಗಳು ಅದಕ್ಕೆ ಸೇರಿದ್ದು ತಡವಾಗಿ. ತಿಳಿ ಮೈಬಣ್ಣಕ್ಕೆ ಹೊಂದಿಸಿದ ಪ್ರೀಸೆಟ್‌ಗಳು ಕಿತ್ತಳೆಯನ್ನು ತಗ್ಗಿಸಿ ಬೆಳಕನ್ನು ಏರಿಸುತ್ತವೆ. ಕಂದು ಮುಖಕ್ಕೆ ಅವನ್ನೇ ಹಾಕಿದರೆ ಅದು ಬೂದುಬಣ್ಣಕ್ಕೆ ತಿರುಗಿ ಜೀವಕಳೆ ಕಳೆದುಕೊಳ್ಳುತ್ತದೆ. ಪಾತ್ರ ಜಪಾನಿನದಾದರೂ ವೇಷ ತೊಟ್ಟವರ ಮೈಬಣ್ಣ ಅವರದೇ. ಕಿತ್ತಳೆ ಮತ್ತು ಕೆಂಪನ್ನು ಮುಟ್ಟದೆ, ಹಸಿರು-ನೀಲಿಗಳಲ್ಲಿ ಮಾತ್ರ ಫಿಲ್ಮ್ ಛಾಯೆ ತಂದ ಚಿತ್ರಗಳೇ ಕಂದು ಮೈಬಣ್ಣದವರ ಮಟ್ಟಿಗೆ ಈ ಶೈಲಿಯ ಒಳ್ಳೆಯ ಮಾದರಿಗಳು.