ಬರಿದಾದ ತೋಟಾ: ಕೈಬಂದೂಕಿನ ಚರಿತ್ರೆಯಲ್ಲಿ ಒಂದು ಚಿಕ್ಕ ವಿಷಯ

1857ರ ಸಂಗ್ರಾಮದ ಕಾರಣಗಳನ್ನು ನಿರೂಪಿಸುವ ಪಠ್ಯಪುಸ್ತಕಗಳಲ್ಲಿ ಕೊಬ್ಬು ಸವರಿದ ತೋಟಾದ ಮಾತು ಬಾರದ ಪುಸ್ತಕವು ಬಹುಶಃ ಒಂದೂ ಇರಲಾರದು. ಆದರೆ ಆ ತೋಟಾ ಎಂತಹ ವಸ್ತು, ಅದು ಕಾಗದದ್ದೇಕೆ ಆಗಿದ್ದಿತು, ಅದಕ್ಕೆ ಜಿಡ್ಡೇಕೆ ಬೇಕಾಯಿತು, ಸಿಪಾಯಿಯು ಅದನ್ನು ಹಲ್ಲಿನಿಂದ ಏಕೆ ಕಚ್ಚಬೇಕಾಗಿದ್ದಿತು ಎಂಬ ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳುವವರೂ ವಿರಳ, ಅವಕ್ಕೆ ಉತ್ತರ ಹೇಳುವವರೂ ವಿರಳ. ಕೋವಿಯ ಚರಿತ್ರೆಯೆಂದರೆ ಯುದ್ಧಗಳ ಮತ್ತು ದಳಪತಿಗಳ ಚರಿತ್ರೆಯೆಂದು ನಾವು ಭಾವಿಸಿಕೊಂಡಿರುವುದೇ ಇದಕ್ಕೆ ಕಾರಣವಿರಬೇಕು. ಕೋವಿಗೆ ಈಡು ತುಂಬುವ ಕೆಲಸವು ಯಾರ ಕೈಯಲ್ಲಿದ್ದಿತು, ಅದು ಅವರ ಕೈಯಿಂದ ಯಾವಾಗ ಜಾರಿತು, ಮತ್ತೆ ಅವರ ಕೈಗೆ ಹೇಗೆ ಬಂದಿತು ಎಂಬುದನ್ನು, ವಿಶೇಷವಾಗಿ ಪಿಸ್ತೂಲು ರಿವಾಲ್ವರ್‌ಗಳನ್ನು ಲಕ್ಷ್ಯದಲ್ಲಿರಿಸಿಕೊಂಡು, ಈ ಲೇಖನದಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಎನ್‌ಫೀಲ್ಡ್ ಬಂದೂಕಿನ ತೋಟಾ ಎಂದರೆ ಮದ್ದು ಗುಂಡುಗಳೆರಡನ್ನೂ ಸುತ್ತಿಟ್ಟ ಒಂದು ಕಾಗದದ ಪೊಟ್ಟಣ, ಅಷ್ಟೆ. ಸಿಪಾಯಿಯು ಅದರ ತುದಿಯನ್ನು ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಂದ ಒಳಕ್ಕೆ ಸುರಿದು, ಪೊಟ್ಟಣವನ್ನು ತಿರುಗಿಸಿ ಗುಂಡಿರುವ ತುದಿಯನ್ನು ಬಾಯಿಗಿಟ್ಟು, ಮಿಕ್ಕ ಕಾಗದವನ್ನು ಕಿತ್ತೆಸೆದು ಗಜದಿಂದ ಜಡಿಯುತ್ತಿದ್ದನು. ಹಳೆಯ ಕೋವಿಗಳ ನಳಿಗೆಯ ಒಳಮೈ ನುಣುಪಾಗಿದ್ದಿತು. ಎನ್‌ಫೀಲ್ಡಿನದರಲ್ಲಿ ಸುರುಳಿಯಾಕಾರದ ಗೀರುಗಳಿದ್ದವು. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿಯು ಆ ಗೀರುಗಳಲ್ಲಿ ಗಟ್ಟಿಯಾಗಿ ಕೂತರೆ ನಾಲ್ಕಾರು ಈಡುಗಳಾದ ಬಳಿಕ ಗುಂಡು ಕೆಳಗಿಳಿಯುವುದೇ ಕಷ್ಟವಾಗುತ್ತಿದ್ದಿತು. ಮಸಿಯನ್ನು ಮೆತ್ತಗಿರಿಸಿ ಗುಂಡನ್ನು ಜಾರಿಸುವುದಕ್ಕೆ ಜಿಡ್ಡು ಬೇಕಾಯಿತು. ಅದು ಯಾವ ಪ್ರಾಣಿಯ ಕೊಬ್ಬೆಂಬ ಸಂಶಯವು 1857ರ ಜನವರಿಯಲ್ಲಿ ಡಂಡಂ ಎಂಬಲ್ಲಿ ಎದ್ದುದೂ, ಅನಂತರ ನಡೆದುದೂ ಎಲ್ಲರಿಗೂ ವಿದಿತವಾಗಿದೆ. ಅಷ್ಟಾಗಿ ವಿದಿತವಲ್ಲದ ಸಂಗತಿಯೆಂದರೆ, ಅದೇ ತಿಂಗಳ 27ರಂದು ಸರ್ಕಾರವು ಜಿಡ್ಡಿಲ್ಲದ ತೋಟಾಗಳನ್ನು ಕೊಟ್ಟು, ಸಿಪಾಯಿಗಳು ತಮಗೆ ಒಪ್ಪಿಗೆಯಾದುದನ್ನು ತಾವೇ ಸವರಿಕೊಳ್ಳಬಹುದೆಂದು ಅಪ್ಪಣೆ ಮಾಡಿತು. ಮಾರ್ಚಿಯಲ್ಲಿ ಹಲ್ಲಿಗೆ ಬದಲಾಗಿ ಬೆರಳಿನಿಂದ ಹರಿಯಬಹುದೆಂದೂ ಆಯಿತು. ಆ ವೇಳೆಗೆ ವಿಶ್ವಾಸವು ಹೋಗಿದ್ದಿತು. ತಾನು ಬಾಯಿಗಿಡುವ ವಸ್ತುವನ್ನು ಯಾರು ಎಲ್ಲಿ ಯಾವುದರಿಂದ ಮಾಡಿದರೆಂಬುದನ್ನು ತಿಳಿಯುವ ಬಗೆ ಸಿಪಾಯಿಗೆ ಇರಲಿಲ್ಲ ಎಂಬುದೇ ಇಲ್ಲಿ ಮುಖ್ಯವೆಂದು ನಮಗೆ ತೋರುತ್ತದೆ.

ಎನ್‌ಫೀಲ್ಡಿನಲ್ಲಿ ಬೆಂಕಿ ಹೊತ್ತಿಸುತ್ತಿದ್ದುದು ಕೇಪು. ಇದರ ಮೂಲವನ್ನು ಹುಡುಕಿ ಹೋದರೆ ನಾವು ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಗ್ಸಾಂಡರ್ ಫಾರ್ಸಿತ್‌ನ ಬಳಿಗೆ ಬರುತ್ತೇವೆ. ನೀರುಹಕ್ಕಿಗಳ ಬೇಟೆಯಲ್ಲಿ ಆಸಕ್ತನಾಗಿದ್ದ ಆತನಿಗೆ, ಚಕಮಕಿ ಕಲ್ಲಿನ ಕೋವಿಯಲ್ಲಿ ಕಿವಿಯ ಮದ್ದು ಭಗ್ಗೆಂದೊಡನೆ ಹಕ್ಕಿಯು ಹಾರಿಹೋಗುವುದೇ ದೊಡ್ಡ ಬೇಸರವಾಗಿದ್ದಿತು. ಪೆಟ್ಟು ಬಿದ್ದೊಡನೆ ಸಿಡಿಯುವ ಫಲ್ಮಿನೇಟ್ ಜಾತಿಯ ರಾಸಾಯನಿಕವನ್ನು ಉಪಯೋಗಿಸುವ ವಿಧಾನಕ್ಕೆ ಅವನು 1807ರಲ್ಲಿ ಪೇಟೆಂಟು ಪಡೆದನು. ಸ್ವಲ್ಪ ಕಾಲದಲ್ಲಿಯೇ ಆ ಮದ್ದು ತಾಮ್ರದ ಒಂದು ಪುಟ್ಟ ಟೋಪಿಯೊಳಗೆ ಸೇರಿತು. ನಮ್ಮ ಮಲೆನಾಡಿನ ಮಾತಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ ಎಂಬ ಭೇದ ಉಂಟಷ್ಟೆ. ಯೂರೋಪಿನಲ್ಲಿ ಅರ್ಧ ಶತಮಾನ ಹಿಡಿದ ಪರಿವರ್ತನೆಯೊಂದು ಆ ಎರಡು ಮಾತುಗಳ ನಡುವೆ ಅಡಗಿದೆ.

ಕೈಬಂದೂಕಿನಲ್ಲಿ ಕೇಪಿನ ಯುಗವೆಂದರೆ ಕೋಲ್ಟನ ಯುಗ. 1836ರಲ್ಲಿ ಅಮೆರಿಕದ ಪೇಟೆಂಟು ಪಡೆದ ಸ್ಯಾಮ್ಯುಯಲ್ ಕೋಲ್ಟನ ರಿವಾಲ್ವರಿನಲ್ಲಿ ಉರುಳೆಯ ಒಂದೊಂದು ಮನೆಗೂ ಮುಂದಿನಿಂದ ಮದ್ದು ಸುರಿದು, ಗುಂಡನ್ನು ಜಡಿದು, ಹಿಂದಿನ ಮೊಲೆಯ ಮೇಲೆ ಕೇಪನ್ನು ಕೂರಿಸಬೇಕಾಗಿದ್ದಿತು. ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹಾರಬಾರದೆಂದು ಗುಂಡಿನ ಮೇಲೆ ಜಿಡ್ಡು ಬಳಿಯುವುದೂ ಉಂಟು. ಇದು ನಿಧಾನದ ಕೆಲಸ. ಆದರೆ ಸಂಪೂರ್ಣವಾಗಿ ಆಯುಧ ಹಿಡಿದವನ ಕೆಲಸ. ಮದ್ದಿನ ಪ್ರಮಾಣವನ್ನು ಅವನೇ ನಿರ್ಧರಿಸುತ್ತಿದ್ದನು, ಗುಂಡನ್ನು ಅಚ್ಚಿನಲ್ಲಿ ಅವನೇ ಎರೆಯುತ್ತಿದ್ದನು, ಸಂಜೆ ಬಿಸಿನೀರಿನಿಂದ ನಳಿಗೆಯನ್ನು ತೊಳೆದು ಎಣ್ಣೆ ಹಾಕುವವನೂ ಅವನೇ.

ಉರುಳೆಯ ಮನೆಗಳನ್ನು ಈ ಕೊನೆಯಿಂದ ಆ ಕೊನೆಗೆ ಕೊರೆದು ಹಿಂದಿನಿಂದ ಸಿದ್ಧ ತೋಟಾ ಇಡಬಹುದೆಂಬ ಪೇಟೆಂಟನ್ನು 1855ರಲ್ಲಿ ರೋಲಿನ್ ವೈಟ್ ಎಂಬಾತನು ಪಡೆದನು. ಸ್ಮಿತ್ ಮತ್ತು ವೆಸ್ಸನ್ ಎಂಬ ಪಾಲುದಾರರು ಪ್ರತಿಯೊಂದು ರಿವಾಲ್ವರಿಗೆ 25 ಸೆಂಟುಗಳ ಗೌರವಧನವನ್ನು ಒಪ್ಪಿಕೊಂಡು ಆ ಹಕ್ಕನ್ನು ಹಿಡಿದರು. 1857ರಲ್ಲಿ, ಎಂದರೆ ನಮ್ಮ ದೇಶದಲ್ಲಿ ಕಾಗದದ ತೋಟಾ ಕಿಚ್ಚು ಹಚ್ಚಿದ ವರ್ಷದಲ್ಲಿಯೇ, ಅವರು ಏಳು ಮನೆಗಳ ಒಂದು ಪುಟ್ಟ ರಿವಾಲ್ವರನ್ನು ಲೋಹದ ತೋಟಾದೊಡನೆ ಹೊರತಂದರು. ಪೇಟೆಂಟಿನ ಅವಧಿಯು 1869ರಲ್ಲಿ ಮುಗಿಯುವವರೆಗೆ ಅಮೆರಿಕದ ಇತರ ತಯಾರಕರ ಕೈ ಕಟ್ಟಿದ್ದಿತು. ಅದನ್ನು ವಿಸ್ತರಿಸುವ ಹಾದಿ ತೆರೆಯುವ ಮಸೂದೆಯನ್ನು 1870ರ ಜನವರಿಯಲ್ಲಿ ಅಧ್ಯಕ್ಷ ಗ್ರಾಂಟನು ತಡೆಹಿಡಿದನೆಂಬುದು ಗಮನಾರ್ಹ. ಪೇಟೆಂಟು ಕೊಟ್ಟವನ ಪಾಲಿಗೆ ಬಂದುದು ಬಹುಮಟ್ಟಿಗೆ ನ್ಯಾಯಾಲಯದ ವೆಚ್ಚ.

ಈ ಪುಟ್ಟ ತೋಟಾದಲ್ಲಿ ಸಿಡಿಮದ್ದು ತಳದ ಅಂಚಿನ ಮಡಿಕೆಯೊಳಗೆ ಇರುತ್ತಿದ್ದಿತು. ಕುದುರೆಯು ಆ ಅಂಚನ್ನು ಜಜ್ಜಿ ಹೊತ್ತಿಸಬೇಕಾದುದರಿಂದ ಲೋಹವು ತೆಳುವಾಗಿರಲೇಬೇಕು. ತೆಳುವಾದುದು ಹೆಚ್ಚಿನ ಒತ್ತಡವನ್ನು ತಾಳದು. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಜಜ್ಜಿದ ಅಂಚಿಗೆ ಮತ್ತೆ ಮದ್ದು ತುಂಬುವಂತಿಲ್ಲ. ಹಾರಿಸಿದ ತೋಟಾ ಕಸವೇ ಸರಿ. ಈಡು ತುಂಬುವ ವಿದ್ಯೆ ಹೀಗೆ ಮೊದಲ ಸಲ ಆಯುಧ ಹಿಡಿದವನ ಕೈಬಿಟ್ಟು ಕಾರ್ಖಾನೆಯನ್ನು ಸೇರಿತು.

ಅದು ಅಲ್ಲಿಯೇ ಉಳಿಯದಂತೆ ಮಾಡಿದುದು ತಳದ ನಡುವೆ ಪ್ರತ್ಯೇಕವಾಗಿ ಕೂರಿಸುವ ಕೇಪು. 1866ರಲ್ಲಿ ಇಬ್ಬರು ಸೈನಿಕರು, ಸಾಗರದ ಎರಡು ದಡಗಳಲ್ಲಿ, ಇದಕ್ಕೆ ಎರಡು ರೂಪಗಳನ್ನು ಕೊಟ್ಟರು. ಒಬ್ಬನು ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ಪಡೆಯನ್ನು ನಡೆಸಿದ ಹೈರಮ್ ಬರ್ಡನ್. ಇನ್ನೊಬ್ಬನು ಇಂಗ್ಲೆಂಡಿನ ವೂಲಿಚ್‌ನ ರಾಯಲ್ ಲ್ಯಾಬೊರೇಟರಿಯ ಮೇಲಧಿಕಾರಿ ಎಡ್ವರ್ಡ್ ಬಾಕ್ಸರ್. ಕೇಪಿನ ಮದ್ದು ಸಿಡಿಯಬೇಕಾದರೆ ಕುದುರೆಯ ಪೆಟ್ಟಿಗೆ ಎದುರಾಗಿ ಒಂದು ಅಡಿಗಲ್ಲು ಬೇಕು. ಬರ್ಡನ್ ಅಡಿಗಲ್ಲನ್ನು ತೋಟಾದ ತಳದಲ್ಲಿಯೇ ರೂಪಿಸಿ, ಬೆಂಕಿ ಒಳಹೋಗಲು ಅದರ ಪಕ್ಕಗಳಲ್ಲಿ ಸಣ್ಣ ರಂಧ್ರಗಳನ್ನಿಟ್ಟನು. ಬಾಕ್ಸರನು ಅಡಿಗಲ್ಲನ್ನು ಕೇಪಿನೊಳಗೇ ಸೇರಿಸಿ, ತೋಟಾದ ತಳದ ನಡುಮಧ್ಯದಲ್ಲಿ ಒಂದೇ ರಂಧ್ರವನ್ನು ಬಿಟ್ಟನು. ವ್ಯತ್ಯಾಸ ಇಷ್ಟೇ. ಆದರೆ ಬಾಕ್ಸರನ ತೋಟಾದ ಬಾಯಿಂದ ಒಂದು ಕಡ್ಡಿಯನ್ನು ಇಳಿಸಿ ಒತ್ತಿದರೆ ಸುಟ್ಟ ಕೇಪು ಹೊರಕ್ಕೆ ಬೀಳುತ್ತದೆ. ಬರ್ಡನನದರಲ್ಲಿ ಕಡ್ಡಿಯು ಅಡಿಗಲ್ಲಿಗೆ ತಗಲುತ್ತದೆ. ಕೇಪನ್ನು ಹೊರಗಿನಿಂದ ಕೊಕ್ಕೆ ಹಾಕಿ ಕೀಳಬೇಕು.

ಇಲ್ಲಿ ಚರಿತ್ರೆಯು ಒಂದು ವಿನೋದವನ್ನು ಆಡಿದೆ. ಅಮೆರಿಕದವನ ವಿಧಾನವು ಯೂರೋಪಿನ ಸೈನ್ಯಗಳಿಗೆ ಒಗ್ಗಿತು. ಇಂಗ್ಲೆಂಡಿನವನದು ಅಮೆರಿಕದಲ್ಲಿ ನೆಲೆಯೂರಿತು. ಬಾಕ್ಸರನ ತೋಟಾವನ್ನು ಮೊದಲು ನುಂಗಿದುದು ಹಿಂಬದಿಯನ್ನು ಕತ್ತರಿಸಿ ಸ್ನೈಡರ್ ಪದ್ಧತಿಗೆ ಮಾರ್ಪಡಿಸಿದ ಎನ್‌ಫೀಲ್ಡ್ ಬಂದೂಕುಗಳೇ. ಹೀಗಿದ್ದರೂ ಆತನ ಸ್ವದೇಶದ ಸೈನ್ಯವು ಮುಂದೆ ತನ್ನ.303 ತೋಟಾಗಳಿಗೆ ಬಹುಮಟ್ಟಿಗೆ ಬರ್ಡನನ ಕ್ರಮವನ್ನೇ ಅನುಸರಿಸಿತು. ಇದನ್ನು ಆಕಸ್ಮಿಕವೆಂದು ತಳ್ಳಿಬಿಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ರಣರಂಗದಲ್ಲಿ ಬಿದ್ದ ತೋಟಾಗಳನ್ನು ಆಯ್ದು ತುಂಬುವ ಗೋಜಿಲ್ಲದ ದೊಡ್ಡ ಸೈನ್ಯಗಳಿಗೆ ಸರಳವಾದ ಕೇಪು ಸಾಕಾಗಿದ್ದಿತು. ಅಮೆರಿಕದ ಪಶ್ಚಿಮದಲ್ಲಾದರೋ ಅಂಗಡಿಯಿಂದ ವಾರಗಟ್ಟಲೆ ದೂರದಲ್ಲಿದ್ದ ಬೇಟೆಗಾರನಿಗೆ ಹಿತ್ತಾಳೆಯ ಕೋಶವೇ ತೋಟಾದ ಅತ್ಯಂತ ಬೆಲೆಯುಳ್ಳ ಭಾಗ. ಸೀಸ, ಮದ್ದು, ಕೇಪುಗಳನ್ನು ಹೊತ್ತೊಯ್ದರೆ ಅದೇ ಕೋಶವನ್ನು ಹಲವು ಸಲ ತುಂಬಬಹುದಾಗಿದ್ದಿತು. ಅಮೆರಿಕದ ಸೈನ್ಯವೂ 1880ರ ದಶಕದಲ್ಲಿ ಗುರಿಯ ಅಭ್ಯಾಸಕ್ಕಾಗಿ ಠಾಣ್ಯಗಳಲ್ಲಿಯೇ ತೋಟಾ ತುಂಬಲು ಉಪಕರಣಗಳನ್ನು ಒದಗಿಸಿದ್ದಿತು.

1884ರಲ್ಲಿ ನ್ಯೂ ಹೇವನ್ ನಗರದಲ್ಲಿ ಜಾನ್ ಬಾರ್ಲೋ ಸ್ಥಾಪಿಸಿದ ಐಡಿಯಲ್ ಕಂಪನಿಯು ಇಂತಹ ಸಾಮಗ್ರಿಗಳನ್ನು ಮನೆಮನೆಗೆ ಮುಟ್ಟಿಸಿತು. ಅದರ ಉಪಕರಣವನ್ನು ನೋಡಿದರೆ ನಮ್ಮ ಅಡಕೊತ್ತಿನ ನೆನಪಾಗದೆ ಇರದು: ಎರಡು ಹಿಡಿಗಳು, ನಡುವೆ ಕೀಲು, ಅದರಲ್ಲಿಯೇ ಕೇಪು ಕೀಳುವ, ಹೊಸ ಕೇಪು ಕೂರಿಸುವ, ಗುಂಡನ್ನು ಬಿಗಿಯುವ ಏರ್ಪಾಡು, ಕೆಲವದರ ತುದಿಯಲ್ಲಿ ಗುಂಡೆರೆಯುವ ಅಚ್ಚು ಸಹ.

ಆದರೆ ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ವಿಯೆಯ್ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ್ದನು. ಕರಿಮದ್ದಿನ ಕಾಲದಲ್ಲಿ ಕೋಶವನ್ನು ಗುಂಡಿನ ಬುಡದವರೆಗೆ ತುಂಬಿದರೆ ಅದೇ ಅಳತೆ. ತಪ್ಪು ಮಾಡಲು ಸ್ಥಳವೇ ಇರಲಿಲ್ಲ. ಹೊಸ ಮದ್ದಿಗೆ ಶಕ್ತಿ ಹಲವು ಪಟ್ಟು ಹೆಚ್ಚು. 1873ರ .45 ಕೋಲ್ಟ್ ತೋಟಾದ ಕೋಶವು 40 ಗ್ರೇನು ಕರಿಮದ್ದಿಗೆಂದು ಮಾಡಿದುದು. ಗ್ರೇನೆಂದರೆ ಪೌಂಡಿನ 7000ದಲ್ಲೊಂದು ಪಾಲು. ನಮ್ಮ ಗುಲಗಂಜಿಯ ತೂಕ ಎರಡು ಗ್ರೇನಿಗೆ ತುಸು ಕಡಿಮೆ. ಕರಿಮದ್ದಿಗೆಂದು ಹುಟ್ಟಿದ ಇಂತಹ ದೊಡ್ಡ ಕೋಶಗಳೇ ಹೊಸ ಮದ್ದಿನ ಕಾಲಕ್ಕೂ ಉಳಿದುಬಂದವು. ಕೆಲವೇ ಗುಲಗಂಜಿ ತೂಕದ ಮದ್ದು ಅವುಗಳ ತಳದಲ್ಲೆಲ್ಲೋ ಬಿದ್ದಿರುತ್ತಿದ್ದಿತು. ಎರಡು ಸಲ ತುಂಬಿದರೂ ಹೊರಗೆ ಚೆಲ್ಲದು, ಕಣ್ಣಿಗೆ ತಿಳಿಯದು. ಅಳತೆಯ ಚಮಚದ ಸ್ಥಾನಕ್ಕೆ ತಕ್ಕಡಿಯು ಬಂದುದೂ, ಗುಂಡು ಕೂರಿಸುವ ಮೊದಲು ಸಾಲಾಗಿ ನಿಲ್ಲಿಸಿದ ಕೋಶಗಳೊಳಗೆ ದೀಪ ಹಿಡಿದು ನೋಡುವುದು ಹವ್ಯಾಸಿಗಳಲ್ಲಿ ನಿಯಮವಾದುದೂ ಇದರಿಂದಲೇ. ಮರೆತವರ ರಿವಾಲ್ವರಿನ ಉರುಳೆ ಸೀಳಿಹೋಗುತ್ತಿದ್ದಿತು.

ಈ ಹವ್ಯಾಸಿಗಳು ಕಾರ್ಖಾನೆಯ ಅನುಕರಣೆ ಮಾಡುವವರಾಗಿ ಮಾತ್ರ ಉಳಿಯಲಿಲ್ಲ. ಐಡಹೊ ಪ್ರಾಂತದ ಎಲ್ಮರ್ ಕೀತ್ ಎಂಬ ದನಗಾಹಿಯು .44 ಸ್ಪೆಷಲ್ ತೋಟಾಕ್ಕೆ ತಾನೇ ಎರೆದ ಭಾರವಾದ ಗುಂಡನ್ನೂ ಹೆಚ್ಚು ಮದ್ದನ್ನೂ ತುಂಬಿ ವರ್ಷಾನುಗಟ್ಟಲೆ ಪ್ರಯೋಗ ಮಾಡಿದನು. ಪ್ರಯೋಗದಲ್ಲಿ ಆಯುಧಗಳನ್ನು ಒಡೆದುಕೊಂಡುದೂ ಉಂಟು. ಕಾರ್ಖಾನೆಗಳು ಅವನ ದಾರಿಯಲ್ಲಿಯೇ ನಡೆದು 1955-56ರಲ್ಲಿ .44 ಮ್ಯಾಗ್ನಂ ತೋಟಾವನ್ನು ಹೊರತಂದವು. ಅದರ ಕೋಶವನ್ನು ಹಳೆಯದಕ್ಕಿಂತ ಸುಮಾರು ಮೂರು ಮಿಲಿಮೀಟರು ಉದ್ದ ಮಾಡಿದುದು ಬೇರಾವುದಕ್ಕೂ ಅಲ್ಲ, ಹಳೆಯ ದುರ್ಬಲ ರಿವಾಲ್ವರುಗಳೊಳಗೆ ಅದು ಹೋಗದಿರಲೆಂದು.

ಆಯುಧದ ಪೋಷಣೆಯ ವಿಷಯಕ್ಕೆ ಬಂದರೆ, ಅಲ್ಲಿಯೂ ಕೇಪಿನದೇ ಕಥೆ. ಹೊಗೆಯಿಲ್ಲದ ಮದ್ದು ಬಂದ ಮೇಲೆ ನಳಿಗೆಗಳು, ಎಷ್ಟೇ ಎಣ್ಣೆ ಹಾಕಿದರೂ, ಎರಡು ಮೂರು ದಿನಗಳಲ್ಲಿ ಒಳಗೇ ತುಕ್ಕು ಹಿಡಿಯುತ್ತಿದ್ದವು. ಮದ್ದಿನಲ್ಲಿರುವ ಆಮ್ಲವೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಿ, ಬಗೆಬಗೆಯ ದ್ರಾವಣಗಳನ್ನು ಮಾರಿದರು. ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್‌ನು 1922ರಲ್ಲಿ ಪ್ರಕಟಿಸಿದ ಸಂಶೋಧನೆಯು ಬೇರೆಯದನ್ನೇ ತೋರಿಸಿತು. ಕೇಪಿನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟು ಸಿಡಿದಾಗ ಪೊಟ್ಯಾಸಿಯಂ ಕ್ಲೋರೈಡಾಗಿ, ಎಂದರೆ ಅಡಿಗೆಯ ಉಪ್ಪಿನ ದಾಯಾದಿಯಾಗಿ, ನಳಿಗೆಯಲ್ಲಿ ಕೂರುತ್ತದೆ. ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಯು ಉಪ್ಪನ್ನು ಕರಗಿಸದು, ನೀರು ಕರಗಿಸುತ್ತದೆ. ಕರಿಮದ್ದಿನ ಕಾಲದ ಮಸಿಯನ್ನು ತೊಳೆಯಲು ನೀರು ಬೇಕೇ ಆಗಿದ್ದುದರಿಂದ ಈ ಉಪ್ಪೂ ಅದರೊಡನೆ ಹೋಗುತ್ತಿದ್ದಿತು. ಬ್ರಿಟಿಷ್ ಸಿಪಾಯಿಯು ನಳಿಗೆಗೆ ಆಲಿಕೆಯಿಟ್ಟು ಕುದಿನೀರು ಸುರಿಯುತ್ತಿದ್ದುದು ರಸಾಯನಜ್ಞನಿಗಿಂತ ಮೊದಲೇ ಸರಿಯಾದ ಉಪಾಯವಾಗಿದ್ದಿತೆಂದಾಯಿತು. ತುಕ್ಕು ತಾರದ ಕೇಪುಗಳು 1920ರ ದಶಕದಲ್ಲಿಯೇ ಮಾರುಕಟ್ಟೆಗೆ ಬಂದರೂ ಅಮೆರಿಕದ ಸೈನ್ಯವು ತನ್ನ ಹೆಚ್ಚಿನ ತೋಟಾಗಳಲ್ಲಿ 1950ರ ದಶಕದ ಆರಂಭದವರೆಗೆ ಹಳೆಯದನ್ನೇ ಇರಿಸಿಕೊಂಡಿತು.

ಈ ತೇವದ ಮಾತು ಬಂದಾಗ ಕೊಡಗನ್ನು ನೆನೆಯದಿರಲಾಗದು. 1857ರ ಅನಂತರ ಬಂದ ನಿರಾಯುಧೀಕರಣ ಶಾಸನದಿಂದ ಕೊಡಗಿನವರಿಗೆ 1861ರಲ್ಲಿ ಮಾರ್ಕ್ ಕಬ್ಬನನು ವಿನಾಯಿತಿ ಕೊಟ್ಟನು. ಅದು ರೂಪಾಂತರಗೊಂಡು ಮುಂದುವರಿದು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಲ್ಲಿ ನಾಟಿಯ ಕೆಲಸ ಮುಗಿದು ಕೈಲ್‌ಪೊಳ್ದ್ ಹಬ್ಬ ಬಂದಾಗ ಕೋವಿಗಳನ್ನು ಹೊರತೆಗೆದು, ಶುಚಿಮಾಡಿ, ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಮಳೆಗಾಲದ ಕೊನೆಗೆ ಕೋವಿಯನ್ನು ಒಂದು ಸಲ ತಪ್ಪದೆ ತೆಗೆದು ಒರೆಸಬೇಕೆಂಬ ನಿಯಮವು ಹಬ್ಬದ ರೂಪದಲ್ಲಿ ನಿಂತಿದೆ ಎಂದು ಊಹಿಸಿದರೆ ತಪ್ಪಾಗಲಾರದು.

ಕೇಪಿನಲ್ಲಿದ್ದ ಪಾದರಸದ ಫಲ್ಮಿನೇಟಾದರೋ ನಳಿಗೆಯನ್ನು ಕೆಡಿಸುತ್ತಿರಲಿಲ್ಲ, ಹಿತ್ತಾಳೆಯ ಕೋಶವನ್ನು ಕೆಡಿಸುತ್ತಿದ್ದಿತು. ಪಾದರಸ ಸೇರಿದ ಹಿತ್ತಾಳೆ ಪೆಡಸಾಗಿ ಎರಡನೆಯ ಸಲಕ್ಕೆ ಬಿರಿಯುತ್ತದೆ. ಕರಿಮದ್ದಿನ ಮಸಿಯು ಹೇರಳವಾಗಿ ಪಾದರಸವನ್ನು ಹೊತ್ತೊಯ್ಯುತ್ತಿದ್ದುದರಿಂದ ಈ ದೋಷವು ಮೊದಲು ಅಷ್ಟಾಗಿ ಕಾಣಲಿಲ್ಲ. ಈಗಿನ ಸಾಮಾನ್ಯ ಕೇಪುಗಳಲ್ಲಿರುವುದು ಸೀಸದ ಸ್ಟಿಫ್ನೇಟು. ಅದು ನಳಿಗೆಗೂ ಕೋಶಕ್ಕೂ ಹಿತ, ಉಸಿರಾಡುವವನಿಗೆ ಅಲ್ಲ. ಒಳಾಂಗಣದ ಗುರಿಶಾಲೆಗಳಲ್ಲಿ ಗಾಳಿಯ ಏರ್ಪಾಡಿಗೆ ಅಷ್ಟು ಗಮನ ಕೊಡುವುದು ಅದಕ್ಕಾಗಿಯೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹವ್ಯಾಸಿಗಳಿಗೆ ಗುಂಡುಗಳೇ ದೊರೆಯದೆ ಹೋದುವು. ಆಗ ಕ್ಯಾಲಿಫೋರ್ನಿಯದ ಫ್ರೆಡ್ ಹಂಟಿಂಗ್ಟನ್, ಐಡಹೊದ ವರ್ನನ್ ಸ್ಪಿಯರ್ ಮುಂತಾದವರು ಗುರಿಶಾಲೆಗಳಲ್ಲಿ ರಾಶಿಯಾಗಿ ಬಿದ್ದಿದ್ದ .22ರ ಖಾಲಿ ಕೋಶಗಳನ್ನು ಆಯ್ದು, ಅಚ್ಚಿನಲ್ಲೊತ್ತಿ ಅಂಚನ್ನು ನೀಗಿಸಿ, ಒಳಗೆ ಸೀಸವನ್ನಿಟ್ಟು ಬಂದೂಕಿನ ಗುಂಡುಗಳನ್ನು ಮಾಡಿದರು. 1857ರಲ್ಲಿ ಸ್ಮಿತ್ ಮತ್ತು ವೆಸ್ಸನ್ ಹೊರತಂದ, ಮರಳಿ ತುಂಬಲಾಗದ ಆ ಅಂಚಿನ ತೋಟಾದ ಸಂತತಿಯೇ ಇದು. ತೋಟಾ ಆಗಿ ಅದು ಎರಡನೆಯ ಬಾರಿಗೆ ಉಪಯೋಗಕ್ಕೆ ಬರಲಿಲ್ಲ. ಗುಂಡಿನ ಕವಚವಾಗಿ ಬಂದಿತು.