ಗೃಹಪಾಠ

ಶಾಲೆಯಲ್ಲಿ ಬೋಧಿಸಿದುದನ್ನು ವಿದ್ಯಾರ್ಥಿಯು ಮನೆಯಲ್ಲಿ ಸ್ವತಃ ಅಭ್ಯಸಿಸಲೆಂದು ಉಪಾಧ್ಯಾಯರು ವಿಧಿಸುವ ಕಾರ್ಯ. ಇದರ ಫಲವು ಪ್ರೌಢ ತರಗತಿಗಳಲ್ಲಿ ಸ್ಪಷ್ಟವಾಗಿಯೂ ಪ್ರಾಥಮಿಕ ತರಗತಿಗಳಲ್ಲಿ ಅತ್ಯಲ್ಪವಾಗಿಯೂ ತೋರುವುದೆಂದು ಅಮೆರಿಕದ ಹ್ಯಾರಿಸ್ ಕೂಪರ್ ಅನೇಕ ಸಂಶೋಧನೆಗಳನ್ನು ತುಲನೆಮಾಡಿ ನಿರ್ಣಯಿಸಿರುವರು. ಮೊದಲೆರಡು ತರಗತಿಗಳಿಗೆ ಇದು ಕೂಡದೆಂದು 2018ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆದೇಶಿಸಿತು. ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿಯು 3ರಿಂದ 5ನೆಯ ತರಗತಿಗಳಿಗೆ ವಾರಕ್ಕೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ 1 ಗಂಟೆ, ಮೇಲಿನವಕ್ಕೆ 2 ಗಂಟೆಗಳ ಮಿತಿಯನ್ನು ಸೂಚಿಸಿತು. ಗಂಟೆಗಳ ಎಣಿಕೆಯೊಂದೇ ಸಾಲದು; ಮನೆಯಲ್ಲಿ ನೆರವು ದೊರೆಯುವುದೇ ಎಂಬುದನ್ನೂ ನೋಡಬೇಕು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿಯಂಥ ಗಡಿಸೀಮೆಯಲ್ಲಿ, ಮನೆಯೊಳಗೆ ಕನ್ನಡವನ್ನಾಡುವ ಮಗುವೂ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿದ 2006ರ ತಮಿಳು ಕಲಿಕೆಯ ಅಧಿನಿಯಮದ ವ್ಯಾಪ್ತಿಗೆ ಒಳಪಟ್ಟಿರುವುದರಿಂದ, ತಮಿಳು ಲಿಪಿಯನ್ನರಿಯದ ತಾಯ್ತಂದೆಗಳ ನೆರವು ದೊರೆಯದ ತಮಿಳಿನ ಅಭ್ಯಾಸವನ್ನು ಉಪಾಧ್ಯಾಯರ ಸಮ್ಮುಖದಲ್ಲಿ ಶಾಲೆಯಲ್ಲಿಯೇ ಮುಗಿಸುವುದು ಯುಕ್ತ.