ಬಂಗಾರ ಮುಗಿದ ಮೇಲೆ ಉಳಿದ ಗೋಡೆಗಳು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ನಿಲ್ದಾಣಗಳ ಹೆಸರು ಕೇಳಿದರೆ ಗಣಿಗಳ ಹಾಜರಿ ಕೂಗಿದಂತಿರುತ್ತದೆ: ಕೋರಮಂಡಲ, ಉರಿಗಾಂ, ಚಾಂಪಿಯನ್. 1890ರ ದಶಕದಲ್ಲಿ ಗಣಿಗಾಗಿಯೇ ಹಾಕಿದ ಈ ಹಳಿಯ ಮೇಲೆ ಈಗ ಬೆಂಗಳೂರಿಗೆ ಕೂಲಿಗೆ, ನೌಕರಿಗೆ ಹೋಗುವವರು ನಸುಕಿನಲ್ಲೇ ಹೊರಡುತ್ತಾರೆ. ಬೆಳೆಯುತ್ತಿರುವ ನಗರ ನೂರು ಕಿಲೋಮೀಟರ್ ಆಚೆ ಇದೆ, ಹಳೆಯ ಕಟ್ಟಡಗಳು ಇಲ್ಲಿವೆ. ಕರ್ನಾಟಕದಲ್ಲಿ ಪಾರಂಪರಿಕ ಕಟ್ಟಡಗಳ ಮರುಬಳಕೆ ಹೇಗೆ ಬೆಳೆದು ಬಂತು, ಎಲ್ಲಿ ನಿಂತುಹೋಯಿತು ಎಂದು ನೋಡಲು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಉರಿಗಾಂನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ನಮ್ಮಲ್ಲಿ ಈ ಕೆಲಸ ಶುರುವಾದದ್ದು ಅರಮನೆಗಳಿಂದ. 1921ರಲ್ಲಿ ಕಟ್ಟಿದ ಮೈಸೂರಿನ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ಜಯಲಕ್ಷ್ಮೀವಿಲಾಸ ಅದಕ್ಕೂ ಮೊದಲೇ ವಿಶ್ವವಿದ್ಯಾಲಯದ ಕೈಸೇರಿ ಜಾನಪದ ವಸ್ತುಸಂಗ್ರಹಾಲಯಕ್ಕೆ ಮನೆಯಾಗಿತ್ತು. ಆಗ ಇದಕ್ಕೆ ಸಂರಕ್ಷಣೆ ಎಂಬ ಹೆಸರೂ ಇರಲಿಲ್ಲ. ದೊಡ್ಡ ಮನೆ ಖಾಲಿ ಬಿದ್ದಿದೆ, ಏನಾದರೂ ಮಾಡೋಣ ಎಂಬ ಲೆಕ್ಕವಷ್ಟೇ. ಹಳೆಯ ಕಟ್ಟಡ ಉಳಿಸಬೇಕೆಂಬ ವಾದ ಹುಟ್ಟಿದ್ದು 1980ರ ದಶಕದಲ್ಲಿ, ಬೆಂಗಳೂರಿನ ಅಠಾರ ಕಚೇರಿಯನ್ನು ಕೆಡವುವ ಮಾತು ಬಂದಾಗ. ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಕೆಂಪು ಕಟ್ಟಡ ಉಳಿಯಿತು. ಮುಂದೆ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು, ಮಾಣಿಕ್ಯವೇಲು ಮಹಲು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ಈಚೆಗೆ ದೇವನಹಳ್ಳಿ, ನಂದಿ ಹಾಲ್ಟ್‌ನಂಥ ಪುಟ್ಟ ರೈಲು ನಿಲ್ದಾಣಗಳಿಗೂ ಜೀವ ಬಂದಿದೆ. ಇದರ ನಡುವೆಯೇ 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಬಳಕೆಯಲ್ಲಿದ್ದ ಕಟ್ಟಡಕ್ಕೂ ರಿಪೇರಿ ಬೇಕು ಎಂಬ ಸರಳ ಸಂಗತಿ ಹೀಗೆ ಪ್ರಾಣ ತೆತ್ತ ಮೇಲೆ ಗೊತ್ತಾದದ್ದು ನಮ್ಮ ದುರ್ದೈವ.

ಈ ಸಾಲಿನಲ್ಲಿ ಅರಮನೆ, ಕಚೇರಿ, ಜೈಲು, ನಿಲ್ದಾಣ ಎಲ್ಲವೂ ಇವೆ. ಬೆವರು ಸುರಿಸಿದ ಜಾಗಗಳು ಮಾತ್ರ ಕಾಣುವುದಿಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಮಾಲು, ಅಪಾರ್ಟ್‌ಮೆಂಟು ಎದ್ದವು. ಕಾರ್ಖಾನೆಯೂ ಪರಂಪರೆಯೇ ಎಂಬ ಯೋಚನೆ ನಮ್ಮಲ್ಲಿ ಇನ್ನೂ ಎಳಸು.

ಕೆಜಿಎಫ್‌ನಲ್ಲಿ ಇಂಥ ಜಾಗಗಳಿಗೆ ಬರವಿಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಿಂದ ಇಲ್ಲಿ ಕಲ್ಲು, ಗಾರೆ, ಹೆಂಚುಗಳಲ್ಲಿ ಒಂದು ಊರನ್ನೇ ಎಬ್ಬಿಸಿತು: ಶಾಫ್ಟ್‌ಗಳು, ಮಿಲ್ಲುಗಳು, ದೊರೆಗಳ ಬಂಗಲೆ, ಕ್ಲಬ್ಬು, ಇಗರ್ಜಿ, ಆಸ್ಪತ್ರೆ, ಕೂಲಿಕಾರರಿಗೆ ಸಾಲು ಸಾಲು ‘ಲೈನು’. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಬಂದದ್ದು ಈ ಯಂತ್ರಗಳಿಗಾಗಿ. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಕೇಂದ್ರೋದ್ಯಮ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಬಾಗಿಲು ಹಾಕಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು.

ಮರುಬಳಕೆಯ ಪಾಠವನ್ನು ಈ ಊರು ಬಹಳ ಹಿಂದೆಯೇ ಜಗತ್ತಿಗೆ ಹೇಳಿಕೊಟ್ಟಿತ್ತು ಎಂಬುದನ್ನು ಇಲ್ಲಿಯವರೂ ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಮತ್ತವರ ಸಂಗಡಿಗರು 1950ರ ದಶಕದಿಂದಲೇ ವಿಶ್ವಕಿರಣಗಳನ್ನು ಅಳೆಯಲು ಗಣಿಗೆ ಇಳಿದರು. ಮೇಲಿನ ಬಂಡೆಯೇ ಅವರಿಗೆ ಜರಡಿಯಾಯಿತು. 1965ರಲ್ಲಿ ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯದವರ ಜೊತೆಗೂಡಿ ಚಾಂಪಿಯನ್ ರೀಫ್‌ನ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದರು. 1980ರ ದಶಕದಲ್ಲಿ ಪ್ರೋಟಾನು ಸಾಯುತ್ತದೆಯೇ ಎಂದು ಕಾದದ್ದೂ ಇಲ್ಲೇ. ಅದಿರು ತೆಗೆದು ಬರಿದಾದ ಗೂಡಿಗೆ ಇದಕ್ಕಿಂತ ದೊಡ್ಡ ಎರಡನೇ ಕೆಲಸ ಸಿಗಲಾರದು.

ಎರಡನೇ ಪಾಠ 2021ರದು. ಕೋವಿಡ್ ಎರಡನೇ ಅಲೆಯಲ್ಲಿ ಹಾಸಿಗೆ ಸಿಗದೆ ಜನ ಪರದಾಡುತ್ತಿದ್ದಾಗ, ಇಪ್ಪತ್ತು ವರ್ಷ ಬೀಗ ಬಿದ್ದಿದ್ದ ಬಿಜಿಎಂಎಲ್ ಆಸ್ಪತ್ರೆಯತ್ತ ಊರಿನ ಕಣ್ಣು ಹರಿಯಿತು. ಸ್ವಯಂಸೇವಕರು ಒಳಹೊಕ್ಕು ಕಸ ಹೊತ್ತರು, ನೆಲ ತಿಕ್ಕಿದರು. ಕೆಲವೇ ವಾರಗಳಲ್ಲಿ ಅದು ಮತ್ತೆ ಆಸ್ಪತ್ರೆಯಾಯಿತು. ಗಮನಿಸಬೇಕಾದದ್ದು ಆ ವೇಗದ ಕಾರಣ. ವಾರ್ಡು ವಾರ್ಡಾಗಿಯೇ ಉಳಿಯಿತು, ಗೋಡೆ ಒಡೆಯಬೇಕಾಗಲಿಲ್ಲ. ಮೂಲ ಉಪಯೋಗಕ್ಕೆ ಹತ್ತಿರವಾದ ಉಪಯೋಗಕ್ಕೆ ಖರ್ಚು ಕಡಿಮೆ ಎಂಬುದು ಸಂರಕ್ಷಣೆಯವರು ಬಲ್ಲ ಹಳೆಯ ಸೂತ್ರ. ಉರಿಗಾಂನ ಬಂಗಲೆಗಳನ್ನೆಲ್ಲ ರೆಸಾರ್ಟ್ ಮಾಡಬೇಕೆಂಬ ಮಾತು ಕೇಳಿದಾಗ ನನಗೆ ಈ ಸೂತ್ರ ನೆನಪಾಗುತ್ತದೆ. ಮನೆ ಮನೆಯಾಗಿ, ಶಾಲೆ ಶಾಲೆಯಾಗಿ ಉಳಿಯಲು ಬೇಕಾದದ್ದು ಹೆಚ್ಚಾಗಿ ಹೆಂಚು, ತೊಲೆ ಮತ್ತು ಸುಣ್ಣದ ಗಾರೆ. ಸಿಮೆಂಟು ಮೆತ್ತಿದರೆ ಹಳೆಯ ಗೋಡೆಯ ತೇವ ಒಳಗೇ ಉಳಿದು ಕಲ್ಲಿನ ಸಂದು ಸಡಿಲಾಗುತ್ತದೆ.

ತೊಡಕಿರುವುದು ಒಡೆತನದಲ್ಲಿ. ನೆಲ ಮತ್ತು ಕಟ್ಟಡ ಮುಚ್ಚಿದ ಕೇಂದ್ರೋದ್ಯಮದ್ದು. ವಾಸ ಹಳೆಯ ಕಾರ್ಮಿಕರ ಮಕ್ಕಳದ್ದು. ಊರಿನ ಮುಂದಿನ ಕನಸು ರಾಜ್ಯ ಸರ್ಕಾರದ್ದು. ಯಾರ ಹೆಸರಿನಲ್ಲಿ ಹಕ್ಕುಪತ್ರವಿಲ್ಲವೋ ಅವರು ಛಾವಣಿಗೆ ಹಣ ಹಾಕುವುದಿಲ್ಲ, ಹಾಕಬೇಕೆನ್ನುವುದೂ ಸರಿಯಲ್ಲ. ಜರ್ಮನಿಯ ಎಸ್ಸೆನ್‌ನಲ್ಲಿ ಜೋಲ್‌ಫರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿದಾಗ ಅಲ್ಲಿನ ರಾಜ್ಯ ಸರ್ಕಾರವೇ ಜಾಗ ಕೊಂಡುಕೊಂಡಿತು. 2001ರಲ್ಲಿ ಗಣಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಕಲ್ಲಿದ್ದಲು ತೊಳೆಯುವ ಕಟ್ಟಡ ವಸ್ತುಸಂಗ್ರಹಾಲಯವಾದದ್ದು ಆ ಮೇಲೆ. ಕೋಲಾರಕ್ಕೆ ಗಣಿಗಾರರನ್ನು ಕಳಿಸಿದ ಕಾರ್ನ್‌ವಾಲ್ ಸೀಮೆಗೂ 2006ರಲ್ಲಿ ಆ ಮನ್ನಣೆ ಬಂತು. ನಮ್ಮಲ್ಲಿ ಕೆಜಿಎಫ್ ಬಳಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲಿಗೆ ಬೇಲಿ ಸಿಕ್ಕಿದೆ, ಅದೇ ನೆಲದಲ್ಲಿ ಎದ್ದ ಮಿಲ್ಲಿಗೆ ಸಿಕ್ಕಿಲ್ಲ.

ಸಮಯವೂ ಹೆಚ್ಚಿಲ್ಲ. 2024ರ ಜೂನಿನಲ್ಲಿ ರಾಜ್ಯ ಸಂಪುಟ ಚಿನ್ನ ತೆಗೆದುಳಿದ ಅದಿರಿನ ಪುಡಿಯ 13 ಸೈನೈಡ್ ದಿಬ್ಬಗಳ ಸಾವಿರದಷ್ಟು ಎಕರೆಯಲ್ಲಿ ಮತ್ತೆ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಇಲ್ಲಿಗೆ ಹತ್ತಿರದ ಬೇತಮಂಗಲದ ಪಕ್ಕದಲ್ಲಿದೆ. ನಗರ ತಾನೇ ಈ ಕಡೆ ಬರುತ್ತಿದೆ, ಅದರ ಹಿಂದೆ ಜಮೀನಿನ ಬೆಲೆಯೂ. ಪ್ರವಾಸಿಗರನ್ನು ಶಾಫ್ಟ್‌ಗೆ ಇಳಿಸುವ ಕನಸು ಕಾಣುವವರು ಒಳಗೆ ತುಂಬಿದ ನೀರನ್ನು ಮೊದಲು ಲೆಕ್ಕ ಹಾಕಬೇಕು. ಮೂರು ಕಿಲೋಮೀಟರಿಗೂ ಆಳ ಹೋದ ಈ ಗಣಿಗಳಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗಿ ಬಿರುಕು ಬಿಡುತ್ತಿದ್ದವು. ಆದ್ದರಿಂದ ಯಾವ ಬಂಗಲೆಗೂ ಸುಣ್ಣ ಬಳಿಯುವ ಮುನ್ನ ಅದರ ಕೆಳಗಿನ ಸುರಂಗದ ನಕ್ಷೆ ಬಿಚ್ಚಿ, ಬೇಸಗೆಯಲ್ಲಿ ದಿಬ್ಬದ ಧೂಳು ಯಾವ ಕಡೆ ಹಾರುತ್ತದೆಂದು ಗುರುತು ಹಾಕಿ, ಆಮೇಲೆ ಕಟ್ಟಡಗಳ ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ದೊರೆಗಳ ಬಂಗಲೆಯ ಪಕ್ಕದಲ್ಲೇ ಒಂದು ಲೈನು ಮನೆಯೂ ಇರಬೇಕು.